ಮೇಲೆ ಮುರಕಲ್ಲು, ಕೆಳಗೆ ಶೇಡಿಮಣ್ಣು: ಬದಿಯಡ್ಕದ ಬಳಿಯ ಒಂದು ಮನೆ ವಿಸ್ತರಣೆಯ ಪ್ರಕರಣ

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ಇಳಿದರೆ ಸಿಗುವ ಒಂದು ಅಡಕೆ ತೋಟದ ಮನೆಯ ಪ್ರಕರಣವಿದು. ಮನೆ ಗುಡ್ಡದ ಪಶ್ಚಿಮ ಇಳಿಜಾರಿನಲ್ಲಿದೆ. ಹಿಂದೆ, ಅಂದರೆ ಪೂರ್ವಕ್ಕೆ, ಗುಡ್ಡವನ್ನು ಕಡಿದಾಗ ಉಳಿದ ಎರಡಾಳೆತ್ತರದ ಬರೆಯಿದೆ. ಮುಂದೆ ಅಡಕೆ ಒಣಗಿಸುವ ಅಂಗಳವಿದ್ದು, ಅದರ ಅಂಚಿನಿಂದ ನಾಲ್ಕೂವರೆ ಮೀಟರ್ ಕೆಳಗೆ ತೋಟ ಆರಂಭವಾಗುತ್ತದೆ. ಸುಮಾರು ನಲವತ್ತು ವರ್ಷ ಹಿಂದೆ ಮುರಕಲ್ಲಿನಿಂದ, ಅಂದರೆ ಜಂಬಿಟ್ಟಿಗೆಯಿಂದ, ಕಟ್ಟಿದ, ಹಂಚು ಹೊದಿಸಿದ ಒಂದೇ ಅಂತಸ್ತಿನ ಮನೆ. ಮಗನ ಮದುವೆ ನಿಶ್ಚಯವಾದದ್ದರಿಂದ ಮನೆಯ ಉತ್ತರದ ತುದಿಗೆ ಸೇರಿಸಿ, 7.5 ಮೀಟರ್ ಅಗಲ ಮತ್ತು 8.4 ಮೀಟರ್ ಉದ್ದದ, ಎರಡು ಅಂತಸ್ತಿನ ಕಾಂಕ್ರೀಟ್ ಭಾಗವೊಂದನ್ನು ಕಟ್ಟಬೇಕೆಂದು ಯಜಮಾನರು ನಿರ್ಧರಿಸಿದ್ದರು.

ನಾನು ಹೋಗುವ ಹೊತ್ತಿಗೆ ಮೇಸ್ತ್ರಿ ಸುಣ್ಣದ ಗೆರೆ ಎಳೆದಾಗಿತ್ತು. ನಮ್ಮ ಕಡೆ ಪಂಚಾಂಗವೆಂದರೆ ತಿಥಿ ನೋಡುವ ಪುಸ್ತಕವಷ್ಟೇ ಅಲ್ಲ, ಗೋಡೆ ನಿಲ್ಲುವ ತಳಪಾಯವೂ ಹೌದು. ಹಳೆಯ ಪಂಚಾಂಗ ಎಷ್ಟು ಆಳವಿದೆಯೋ ಅಷ್ಟೇ ಆಳಕ್ಕೆ ಸುತ್ತ ಅಗೆದು, ಕರಿಕಲ್ಲು ತುಂಬಿಸಿ, ಮೇಲೊಂದು ಬೆಲ್ಟ್ ಕಾಂಕ್ರೀಟ್ ಹಾಕಿ, ಹಳೆಯ ಗೋಡೆಯ ಕಲ್ಲುಗಳನ್ನು ಅಲ್ಲಲ್ಲಿ ಕಿತ್ತು ಹೊಸ ಗೋಡೆಯನ್ನು ಅದಕ್ಕೆ ಕಚ್ಚಿಸುವುದು ಅವರ ಯೋಜನೆಯಾಗಿತ್ತು. “ಹಾರೆ ಹಾಕಿದರೆ ಕಿಡಿ ಹಾರುತ್ತದೆ ಇಂಜಿನಿಯರ್ರೇ, ಇದಕ್ಕಿಂತ ಗಟ್ಟಿ ನೆಲ ಬೇಕೇ?” ಎಂದು ಅವರು ಕೇಳಿದರು. ಅವರು ಹಾರೆ ಹಾಕಿದ ಜಾಗದ ಮಟ್ಟಿಗೆ ಆ ಮಾತು ಸರಿಯಾಗಿಯೇ ಇತ್ತು. ಮಣ್ಣು ಪರೀಕ್ಷೆ ಮಾಡಿಸಬೇಕೆಂದು ನಾನು ಹೇಳಿದಾಗ ಯಜಮಾನರು, ಅದು ಹೋದ ವರ್ಷವೇ ಆಗಿದೆ, ಸುಣ್ಣ ಹಾಕಲು ಹೇಳಿದ್ದಾರೆ, ಎಂದರು. ತೋಟದ ಮಣ್ಣಿನ ಹುಳಿಯನ್ನು ಅಳೆಯುವ ಪರೀಕ್ಷೆಯೇ ಬೇರೆ, ಮನೆಯ ಭಾರವನ್ನು ನೆಲ ಹೊರುತ್ತದೆಯೇ ಎಂದು ನೋಡುವ ಪರೀಕ್ಷೆಯೇ ಬೇರೆ ಎಂದು ವಿವರಿಸುವುದರಿಂದಲೇ ಕೆಲಸ ಆರಂಭವಾಯಿತು.

ನನ್ನ ಸಂಶಯಕ್ಕೆ ಎರಡು ಕಾರಣಗಳಿದ್ದವು. ಅಂಗಳದ ಪಶ್ಚಿಮದ ಅಂಚಿನಲ್ಲಿ ಸಿಮೆಂಟಿನ ನೆಲ ಉದ್ದಕ್ಕೆ ಸೀಳಿ, ಸೀಳಿನ ಆಚೆಯ ಭಾಗ ಒಂದು ಬೆರಳಿನಷ್ಟು ಕುಸಿದಿತ್ತು. ಗುಡ್ಡ ಕಡಿದ ಮಣ್ಣನ್ನು ತಗ್ಗಿನ ಕಡೆಗೆ ತಳ್ಳಿ ಅಂಗಳವನ್ನು ಅಗಲ ಮಾಡಿರುವುದು ಇದರಿಂದ ಸ್ಪಷ್ಟವಾಗುತ್ತಿತ್ತು. ಹಳೆಯ ಮನೆ ಪೂರ್ತಿಯಾಗಿ ಕಡಿದ ನೆಲದ ಮೇಲಿತ್ತು. ಹೊಸ ಭಾಗ ಅದಕ್ಕಿಂತ ಎರಡು ಮೀಟರ್ ಹೆಚ್ಚು ಪಶ್ಚಿಮಕ್ಕೆ ಚಾಚಿಕೊಳ್ಳುವುದರಿಂದ ಒಂದು ಪಾದ ಗಟ್ಟಿಯ ಮೇಲೆ, ಇನ್ನೊಂದು ಪಾದ ತುಂಬಿಸಿದ ಮಣ್ಣಿನ ಮೇಲೆ ನಿಲ್ಲುತ್ತಿತ್ತು. ಎರಡನೆಯ ಕಾರಣ ಆ ಮನೆಗೆ ಮಾತ್ರ ಸಂಬಂಧಿಸಿದ್ದಲ್ಲ, ಕಾಸರಗೋಡಿನ ಗುಡ್ಡಗಳಿಗೆಲ್ಲ ಸಾಮಾನ್ಯವಾದದ್ದು.

ಬೇರೆ ಊರುಗಳಲ್ಲಿ ಹೆಚ್ಚಾಗಿ ಮೇಲೆ ಮೆದು ಮಣ್ಣಿದ್ದು, ಕೆಳಗೆ ಹೋದಂತೆ ನೆಲ ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮಲ್ಲಿ ಅದು ತಿರುಗುಮುರುಗಾಗಿದೆ. ಲಕ್ಷಾಂತರ ವರ್ಷಗಳ ಮಳೆಗೆ ಕಲ್ಲಿನೊಳಗಿನ ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಮೇಲೆ ಉಳಿದು ಮುರಕಲ್ಲಾಗಿವೆ. ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣ ಬೆರೆತ, ಜೇಡಿಯಂಥ ಮೆದು ಶೇಡಿಮಣ್ಣಿನ ದಪ್ಪ ಪದರವಿದೆ. ಗಟ್ಟಿ ಬಂಡೆ ಸಿಗುವುದು ಅದಕ್ಕೂ ಕೆಳಗೆ. ಮುರಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು 1807ರಲ್ಲಿ ಹೆಸರಿಟ್ಟ ಫ್ರಾನ್ಸಿಸ್ ಬುಕನನ್, ಅದು ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುತ್ತದೆಂಬುದನ್ನು ಮಲಬಾರಿನ ಅಂಗಡಿಪುರದಲ್ಲಿ ಗಮನಿಸಿದ್ದ. ನಮ್ಮ ಕಲ್ಲು ಕಡಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪಂಚಾಂಗದ ವಿಷಯದಲ್ಲಿ ಇದೇ ಗುಣ ಮೋಸ ಮಾಡುತ್ತದೆ: ಬಿಸಿಲಿಗೆ ಒಡ್ಡಿಕೊಂಡು ಬಲಿತ ಮೇಲ್ಮೈಯನ್ನು ಹಾರೆಯಿಂದ ಕುಟ್ಟಿ ನೋಡಿದರೆ, ಒಂದೂವರೆ ಮೀಟರ್ ಕೆಳಗೆ ಏನಿದೆಯೆಂಬುದು ತಿಳಿಯುವುದಿಲ್ಲ.

ಏಪ್ರಿಲಿನಲ್ಲಿ ಮೂರು ಗುಂಡಿಗಳನ್ನು ತೋಡಿಸಿದೆವು. ಹಳೆಯ ಗೋಡೆಗೆ ತಾಗಿ ತೋಡಿದ ಮೊದಲನೆಯದರಲ್ಲಿ ಹಳೆಯ ಪಂಚಾಂಗ 60 ಸೆಂಟಿಮೀಟರ್ ಅಗಲವಿದ್ದು, 75 ಸೆಂಟಿಮೀಟರ್ ಆಳದಲ್ಲಿ ನೇರವಾಗಿ ಮುರಕಲ್ಲಿನ ಮೇಲೆ ಕುಳಿತಿರುವುದು ಕಂಡಿತು. ಆ ಕಾಲದ ಕೆಲಸಗಾರರು ಮೋಸ ಮಾಡಿರಲಿಲ್ಲ. ನಡುವಿನ ಗುಂಡಿಯಲ್ಲಿ 1.7 ಮೀಟರ್ ತನಕ ಮುರಕಲ್ಲು ಇತ್ತು. ಮೂರನೆಯದು ತಗ್ಗಿನ ಬದಿಯದು. ಅಲ್ಲಿ 1.4 ಮೀಟರ್ ತನಕ ಬಂದದ್ದು ಒಡೆದ ಹಂಚು, ಕಲ್ಲಿನ ಚೂರು, ತೆಂಗಿನ ಸಿಪ್ಪೆ ಬೆರೆತ ತುಂಬಿಸಿದ ಮಣ್ಣು. ಅದರ ಕೆಳಗೆ ಒಂದು ಗೇಣು ದಪ್ಪದ ಕಪ್ಪು ಮಣ್ಣಿನ ಪಟ್ಟಿಯಿದ್ದು, ಅದರಲ್ಲಿ ಕೊಳೆತ ಬೇರುಗಳು ಹಾಗೆಯೇ ಇದ್ದವು. ಅದು ಗುಡ್ಡದ ಮೂಲ ಮೈ. ಹುಲ್ಲು ಕೆತ್ತದೆ ಅದರ ಮೇಲೆಯೇ ಮಣ್ಣು ಸುರಿದಿದ್ದರು. ಕಪ್ಪು ಪಟ್ಟಿಯ ಕೆಳಗೆ ಕೇವಲ 70 ಸೆಂಟಿಮೀಟರ್ ಮುರಕಲ್ಲು, ಆಮೇಲೆ ಶೇಡಿ.

ಆನಂತರ ಎರಡು ಕೊಳವೆ ತೂತುಗಳನ್ನು ಕೊರೆಸಿ ಐಎಸ್ (ಭಾರತೀಯ ಮಾನಕ) 2131ರ ಪ್ರಕಾರ, ಕೊಳವೆಯನ್ನು ನೆಲಕ್ಕೆ ಹೊಡೆದಿಳಿಸಿ ಗಟ್ಟಿತನ ಅಳೆಯುವ ಎಸ್‌ಪಿಟಿ ಮಾಡಿಸಲಾಯಿತು. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಮೊದಲ 15 ಸೆಂಟಿಮೀಟರನ್ನು ಲೆಕ್ಕಕ್ಕೆ ಹಿಡಿಯದೆ, ನಂತರದ 30 ಸೆಂಟಿಮೀಟರ್ ಇಳಿಯಲು ಎಷ್ಟು ಹೊಡೆತ ಬೇಕಾಯಿತೆಂದು ಎಣಿಸುವುದು ಈ ಪರೀಕ್ಷೆಯ ಕ್ರಮ. ಮುರಕಲ್ಲಿನಲ್ಲಿ 50 ಹೊಡೆತಕ್ಕೂ ಕೊಳವೆ 30 ಸೆಂಟಿಮೀಟರ್ ಇಳಿಯಲಿಲ್ಲ. ಶೇಡಿಯಲ್ಲಿ 3 ಮೀಟರಿಗೆ 22, ನಾಲ್ಕೂವರೆಗೆ 14, ನೀರು ತಾಗಿದ 6 ಮೀಟರಿನ ಆಸುಪಾಸಿನಲ್ಲಿ 9 ಎಂದು ಎಣಿಕೆ ಇಳಿಯುತ್ತ ಹೋಗಿ, 8 ಮೀಟರಿನ ನಂತರ ಮತ್ತೆ ಏರಿ, 11 ಮೀಟರಿನಲ್ಲಿ ಶಿಥಿಲ ಬಂಡೆ ಸಿಕ್ಕಿತು. ಹೊಡೆತ ಎಣಿಸುತ್ತ ನಿಂತಿದ್ದ ಮೇಸ್ತ್ರಿಯೇ, ಆಳಕ್ಕೆ ಹೋದಂತೆ ಸಂಖ್ಯೆ ಕಡಿಮೆಯಾಗುತ್ತಿರುವುದನ್ನು ಕಂಡು, ಯಂತ್ರ ಸರಿಯಿದೆಯೇ ಎಂದು ಕೇಳಿದರು.

ಯಜಮಾನರಿಗೆ ಸಂಖ್ಯೆಗಳಿಗಿಂತ ಹೆಚ್ಚು ಮನವರಿಕೆ ಮಾಡಿಸಿದ್ದು ಜಗಲಿಯ ಮೇಲಿನ ಒಂದು ಗಾಜಿನ ಲೋಟ. ಗುಂಡಿಯಿಂದ ತೆಗೆದ, ಲಿಂಬೆ ಗಾತ್ರದ ಶೇಡಿಯ ಒಣ ಗಟ್ಟಿಯನ್ನು ಅವರ ಕೈಗೆ ಕೊಟ್ಟು ಹಿಸುಕಲು ಹೇಳಿದೆ. ಹೆಬ್ಬೆರಳು ಕೆಂಪಾದರೂ ಅದು ಒಡೆಯಲಿಲ್ಲ. ಅದೇ ಗಟ್ಟಿಯನ್ನು ಲೋಟದ ನೀರಿಗೆ ಬಿಟ್ಟೆವು. ಮೊದಲು ಸಣ್ಣ ಗುಳ್ಳೆಗಳು ಎದ್ದವು, ಅಂಚುಗಳು ಉದುರತೊಡಗಿದವು, ಚಹಾ ಕುಡಿದು ಮುಗಿಸುವಷ್ಟರಲ್ಲಿ ಲೋಟದ ತಳದಲ್ಲಿ ಕೆಸರಿನ ಒಂದು ಚಿಕ್ಕ ಗುಪ್ಪೆ ಮಾತ್ರ ಉಳಿದಿತ್ತು ಮತ್ತು ಮೇಲಿನ ನೀರು ಮಜ್ಜಿಗೆನೀರಿನ ಬಣ್ಣಕ್ಕೆ ತಿರುಗಿತ್ತು. ಯಜಮಾನರು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಏನೂ ಮಾತನಾಡಲಿಲ್ಲ.

ಪ್ರಯೋಗಾಲಯದ ವರದಿ ಇದನ್ನೇ ಅಂಕಿಗಳಲ್ಲಿ ಹೇಳಿತು. ಏಪ್ರಿಲಿನ ತೇವಾಂಶದಲ್ಲಿ ಶೇಡಿಯ ಅಂಟುಬಲ ಚದರ ಮೀಟರಿಗೆ 4.2 ಟನ್ ಮತ್ತು ಕಣಗಳು ಜಾರದಂತೆ ತಡೆಯುವ ಒಳಘರ್ಷಣೆಯ ಕೋನ 27 ಡಿಗ್ರಿ ಇದ್ದರೆ, ಪೂರ್ತಿ ನೆನೆಸಿದ ಮೇಲೆ ಅವು 1.4 ಟನ್ ಮತ್ತು 22 ಡಿಗ್ರಿಗೆ ಇಳಿದವು. ಐಎಸ್ 6403ರ ಸೂತ್ರದಲ್ಲಿ ಹಾಕಿ, 2.5ರ ಸುರಕ್ಷತಾ ಗುಣಾಂಕದಿಂದ ಭಾಗಿಸಿದಾಗ, ಒಣಗಿದ ಶೇಡಿ ಹೊರಬಲ್ಲ ಒತ್ತಡ ಚದರ ಮೀಟರಿಗೆ ಸುಮಾರು 29 ಟನ್ ಎಂದೂ ನೆನೆದ ಶೇಡಿಯದು ಬರೀ 8 ಟನ್ ಎಂದೂ ಬಂತು. ಒಂದೇ ಮಣ್ಣು, ಒಂದೇ ಆಳ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಈ ಜಿಲ್ಲೆಯಲ್ಲಿ ಬೇಸಗೆಯ ಅಂಕಿಯನ್ನು ನಂಬಿ ವಿನ್ಯಾಸ ಮಾಡುವುದು ಆಟಿಯಲ್ಲಿ, ಅಂದರೆ ಮಳೆ ಬಿರುಸಾದ ತುಳು ತಿಂಗಳಲ್ಲಿ, ಬಂದು ಕೇಳುವ ಸಾಲವನ್ನು ಇಂದೇ ಮಾಡಿಕೊಂಡಂತೆ.

ಮಳೆಗಾಲದಲ್ಲಿ ನೀರು ಎಲ್ಲಿಯ ತನಕ ಏರುತ್ತದೆಂಬುದನ್ನು ಊಹಿಸದೆ ಅಳೆದೇ ನೋಡಬೇಕೆಂದು ಕೊಳವೆ ತೂತಿನಲ್ಲಿ ತೂತು ಮಾಡಿದ ಪಿವಿಸಿ ಪೈಪೊಂದನ್ನು ಇಳಿಸಿ ಬಿಟ್ಟೆ. ಇದರಿಂದ ಕೆಲಸ ಮಳೆ ಕಳೆದ ಮೇಲಕ್ಕೆ ಹೋಗುತ್ತಿತ್ತು. ಮದುವೆಯ ದಿನ ಹತ್ತಿರವಿದ್ದುದರಿಂದ ಯಜಮಾನರಿಗೆ ಸಿಟ್ಟು ಬಂದದ್ದು ಸಹಜ. ನಾನು ಪಟ್ಟು ಸಡಿಲಿಸದಿರುವುದಕ್ಕೆ ನನ್ನದೇ ಒಂದು ಹಳೆಯ ತಪ್ಪು ಕಾರಣ. ವೃತ್ತಿಯ ಆರಂಭದ ದಿನಗಳಲ್ಲಿ ಬೇರೊಂದು ಊರಿನ ಮನೆಯ ವಿಸ್ತರಣೆಗೆ, ಮೇಲಿನ ಮುರಕಲ್ಲನ್ನಷ್ಟೇ ನೋಡಿ ಒಪ್ಪಿಗೆ ಕೊಟ್ಟಿದ್ದೆ. ಎರಡನೆಯ ಮಳೆಗಾಲದಲ್ಲಿ ಶೌಚಾಲಯದ ಇಂಗುಗುಂಡಿಯ ಪಕ್ಕದ ಮೂಲೆ ಇಳಿದು, ಹಳೆಯ ಮತ್ತು ಹೊಸ ಗೋಡೆ ಸೇರುವಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತು. ದುರಸ್ತಿಗೆ ಹೋದಾಗ ಆ ಮನೆಯವರು ನನ್ನನ್ನು ಬೈಯಲಿಲ್ಲ, ಕುಡಿಯಲು ಬೆಲ್ಲ ನೀರು ಕೊಟ್ಟರು. ಅದು ಬೈಗುಳಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿದಿದೆ.

ಏಪ್ರಿಲಿನಲ್ಲಿ 6.1 ಮೀಟರ್ ಆಳದಲ್ಲಿದ್ದ ನೀರು ಜುಲೈ ಕೊನೆಗೆ 2.2 ಮೀಟರಿಗೆ ಏರಿತ್ತು. 3 ಮೀಟರಿನಲ್ಲಿ ಮತ್ತೊಮ್ಮೆ ಎಣಿಸಿದಾಗ 22 ಹೊಡೆತ 11ಕ್ಕೆ ಇಳಿದಿತ್ತು. ಹೀಗಾಗಿ 8 ಟನ್ನೇ ವಿನ್ಯಾಸದ ಆಧಾರವಾಗಬೇಕೆಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಅದೇ ಜುಲೈಯಲ್ಲಿ, ಕೊಡೆ ಹಿಡಿದು ಪೈಪಿನ ನೀರು ಅಳೆಯುತ್ತಿದ್ದಾಗ ಯಜಮಾನರ ತಾಯಿ ಜಗಲಿಯಿಂದಲೇ ಹೇಳಿದ ಒಂದು ಮಾತು ಇಡೀ ಪ್ರಕರಣವನ್ನು ತಿರುಗಿಸಿತು. “ಆ ಮೂಲೆಯ ಕೆಳಗೆ ಹಳೇ ಸುರಂಗ ಒಂದಿತ್ತಲ್ಲ ಮಗಾ, ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಾವೆಲ್ಲ ಅದರ ನೀರನ್ನೇ ಕುಡಿದದ್ದು.” ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರನ್ನು ಹೊರಗೆ ಹರಿಸುವ ಸುರಂಗ ಇಲ್ಲಿಯ ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆಯ ತೋಟಗಳಿಗೆ ಜೀವನಾಡಿ, ಒಬ್ಬ ಮನುಷ್ಯ ಬಾಗಿ ನಡೆಯುವಷ್ಟೇ ಅಗಲ ಎತ್ತರ ಅದಕ್ಕಿರುತ್ತದೆ. 60 ಸೆಂಟಿಮೀಟರ್ ಅಗಲದ ಆ ಪೊಳ್ಳು, ಎರಡು ಕೊಳವೆ ತೂತುಗಳ ನಡುವೆ ಸದ್ದಿಲ್ಲದೆ ತಪ್ಪಿಸಿಕೊಂಡಿತ್ತು. ನನ್ನ ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ. ಮನೆಯ ಹಿರಿಯರನ್ನು ವಿಚಾರಿಸುವುದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು.

ತೋಟದ ಮಟ್ಟದಲ್ಲಿ, ಅಂಗಳದ ಕೆಳಗಿನ ಬರೆಯ ಬುಡದಲ್ಲಿ, ಜರಿದ ಮಣ್ಣು ಮತ್ತು ಜರಿಗಿಡಗಳು ಮುಚ್ಚಿದ್ದ ಬಾಯಿಯನ್ನು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಲ್ಲಿಂದ ತುಕ್ಕಿನ ಬಣ್ಣದ ನೀರು ಒಸರುತ್ತಿತ್ತು. ಮಳೆ ಬಿಟ್ಟ ಮೇಲೆ, ಸುರಂಗ ತೋಡುವುದರಲ್ಲಿ ಪಳಗಿದ ಒಬ್ಬರು ಬಾಯಿಗೆ ಮರದ ಆನಿಕೆ ಕೊಟ್ಟು, ಉರಿಯುವ ಮೇಣದಬತ್ತಿ ಮುಂದಿಟ್ಟುಕೊಂಡು ಒಳಗೆ ಹೋದರು. ಬತ್ತಿ ಮಂಕಾದರೆ ಹಿಂದಿರುಗುವುದು ಅವರ ನಿಯಮ. 11 ಮೀಟರ್ ಹೋದ ಮೇಲೆ ದಾರಿ ಕುಸಿದು ಮುಚ್ಚಿತ್ತು. ಟೇಪು ಮತ್ತು ದಿಕ್ಸೂಚಿಯ ಲೆಕ್ಕವನ್ನು ನಕ್ಷೆಯ ಮೇಲೆ ಹಾಕಿದಾಗ, ಹೊಸ ಕಟ್ಟಡದ ವಾಯವ್ಯ ಮೂಲೆಯ ಕಂಬದ ನೇರ ಕೆಳಗೆ ಸುರಂಗ ಹಾದುಹೋಗುತ್ತಿತ್ತು. ಅದರ ಮಾಡು ಅಂಗಳದಿಂದ 2.7 ಮೀಟರ್ ಕೆಳಗಿತ್ತು. ಆ ಕಂಬದ ಪಾದ, ಅಂದರೆ ಭಾರ ಹರಡುವ ಕಾಂಕ್ರೀಟ್ ತಳ, ಕೂರಬೇಕಾದ ಮಟ್ಟದಿಂದ ಅದಕ್ಕೆ ಬರೀ 75 ಸೆಂಟಿಮೀಟರ್ ಅಂತರ.

ಮೇಸ್ತ್ರಿಯ ಸಲಹೆ ಬಾಯಿಗೆ ಕಾಂಕ್ರೀಟ್ ಹಾಕಿ ಮುಚ್ಚಿಬಿಡುವುದಾಗಿತ್ತು. ಹಾಗೆ ಮಾಡಿದ್ದರೆ ಪೊಳ್ಳು ಪೊಳ್ಳಾಗಿಯೇ ಉಳಿದು, ಹೊರದಾರಿ ಕಳೆದುಕೊಂಡ ನೀರು ಒಳಗೇ ನಿಂತು ಸುತ್ತಲಿನ ಶೇಡಿಯನ್ನು ಲೋಟದೊಳಗಿನ ಗಟ್ಟಿಯಂತೆ ಕರಗಿಸುತ್ತಿತ್ತು. ಆದ್ದರಿಂದ ನೀರಿಗೆ ದಾರಿ ಉಳಿಸಿ ಪೊಳ್ಳನ್ನು ಮಾತ್ರ ತುಂಬಿಸುವ ಉಪಾಯ ಮಾಡಿದೆವು. ಸುರಂಗದ ತಳದಲ್ಲಿ ಮಣ್ಣನ್ನು ತಡೆದು ನೀರನ್ನು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿನ ಪಿವಿಸಿ ಪೈಪ್ ಮಲಗಿಸಿ, ಅದರ ಸುತ್ತ 40 ಸೆಂಟಿಮೀಟರ್ ಎತ್ತರಕ್ಕೆ ಜಲ್ಲಿ ತುಂಬಿ, ಬಟ್ಟೆಯನ್ನು ಮೇಲಿನಿಂದ ಮಡಚಿ ಮುಚ್ಚಲಾಯಿತು. ಬಾಯಿಗೆ ತಡೆಗೋಡೆ ಕಟ್ಟಿದ ಮೇಲೆ, ಅಂಗಳದಿಂದ ಕೊರೆದ ಮೂರು ತೂತುಗಳ ಮೂಲಕ, ನೀರಿನಂತೆ ಹರಿಯುವ ತೆಳು ಸಿಮೆಂಟ್ ಮರಳಿನ ಗಾರೆಯನ್ನು ಹಂತಹಂತವಾಗಿ ಸುರಿದು, ಮುಂದಿನ ತೂತಿನಲ್ಲಿ ಗಾರೆ ಮೇಲೆದ್ದು ಬರುವ ತನಕ ತುಂಬಿಸಿದೆವು. ಹಿಡಿದದ್ದು ಸುಮಾರು 9 ಘನ ಮೀಟರ್. ಪೈಪಿನ ತುದಿಯನ್ನು ತಪಾಸಣೆಗೆ ಒಂದು ಸಣ್ಣ ತೊಟ್ಟಿಯ ಮೂಲಕ ತೋಟದ ಟಾಂಕಿಗೆ ಬಿಟ್ಟೆವು.

ಪಂಚಾಂಗದ ಬಗೆಯನ್ನು ಆರಿಸುವುದು ಇದಾದ ಮೇಲೆ ಸುಲಭವಾಯಿತು. 11 ಮೀಟರಿನ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಕಂಬ, ಹಾಕುವ ಯಂತ್ರ ಆ ದಾರಿಯಲ್ಲಿ ಬರುವಂತಿರಲಿಲ್ಲ, ಖರ್ಚೂ ಮನೆಯ ಅಳತೆಗೆ ಮೀರಿದ್ದು. ಮುರಕಲ್ಲನ್ನು ಪೂರ್ತಿ ಒಡೆದು ಇನ್ನೂ ಆಳಕ್ಕೆ ಹೋಗುವುದಂತೂ ಇಲ್ಲಿ ಶುದ್ಧ ತಪ್ಪು. ಭಾರವನ್ನು ಹರಡುವ ಒಂದೇ ಒಂದು ಗಟ್ಟಿ ಹಲಗೆಯನ್ನು ನಾವೇ ಕಿತ್ತೆಸೆದಂತಾಗುತ್ತದೆ. ಕೊನೆಗೆ ಒಂಬತ್ತು ಕಂಬಗಳಿಗೆ ಬಿಡಿಬಿಡಿ ಪಾದ ಕೊಟ್ಟು, ಅವನ್ನೆಲ್ಲ ನೆಲಮಟ್ಟದ ತೊಲೆಗಳಿಂದ ಎರಡೂ ದಿಕ್ಕಿನಲ್ಲಿ ಕಟ್ಟುವುದೆಂದಾಯಿತು. ಕೇರಳ ಭೂಕಂಪದ ಮೂರನೆಯ ವಲಯದಲ್ಲಿರುವುದಕ್ಕೂ ಈ ಕಟ್ಟು ಬೇಕಿತ್ತು.

ವಿನ್ಯಾಸದಲ್ಲಿ ನಾನು ಹಿಡಿದ ಸೂತ್ರ ಇಷ್ಟು: ಪಾದದ ಅಡಿಯ ಒತ್ತಡ ಎಲ್ಲ ಕಡೆ ಒಂದೇ ಇರಬೇಕೆಂದಿಲ್ಲ, ಅದು ಮುರಕಲ್ಲನ್ನು ದಾಟಿ ಶೇಡಿಯ ತಲೆಗೆ ತಲುಪುವಾಗ ಸರಿಸುಮಾರು ಒಂದೇ ಆಗಿರಬೇಕು. ನಡುವಿನ ಕಂಬದ ಭಾರ 30 ಟನ್. ಅದರ ಪಾದ 1.5 ಮೀಟರ್ ಚೌಕ, ಆಳ 60 ಸೆಂಟಿಮೀಟರ್. ಅಡಿಯ ಒತ್ತಡ ಚದರ ಮೀಟರಿಗೆ 13.3 ಟನ್. ಕೆಳಗೆ 1.1 ಮೀಟರ್ ಮುರಕಲ್ಲಿದೆ. ಎರಡು ಪಾಲು ಕೆಳಕ್ಕೆ ಇಳಿದಾಗ ಒಂದು ಪಾಲು ಪಕ್ಕಕ್ಕೆ ಹರಡುತ್ತದೆಂದು ಹಿಡಿದರೆ, ಶೇಡಿಯ ಮಟ್ಟದಲ್ಲಿ ಆ ಭಾರ 2.6 ಮೀಟರ್ ಚೌಕಕ್ಕೆ ಹರಡಿ ಒತ್ತಡ 4.4 ಟನ್ನಿಗೆ ಇಳಿಯುತ್ತದೆ. ತಗ್ಗಿನ ಸಾಲಿನ ಕಂಬದ ಭಾರ 24 ಟನ್ ಮಾತ್ರವಾದರೂ, ತುಂಬಿಸಿದ ಮಣ್ಣು ಮತ್ತು ಕಪ್ಪು ಪಟ್ಟಿಯನ್ನು ದಾಟಿ 1.95 ಮೀಟರಿಗೆ ಕೂರುವ ಅದರ ಪಾದದ ಕೆಳಗೆ ಉಳಿಯುವ ಮುರಕಲ್ಲು ಬರೀ 40 ಸೆಂಟಿಮೀಟರ್. ಆದ್ದರಿಂದ ಕಡಿಮೆ ಭಾರಕ್ಕೆ ಹೆಚ್ಚು ಅಗಲದ, ಅಂದರೆ 1.8 ಮೀಟರ್ ಚೌಕದ ಪಾದ ಕೊಡಬೇಕಾಯಿತು, ಅಡಿಯಲ್ಲಿ 7.4 ಟನ್, ಶೇಡಿಯ ತಲೆಯಲ್ಲಿ ಸುಮಾರು 5 ಟನ್. ಎರಡೂ 8 ಟನ್ನಿನೊಳಗೆ, ಒಂದಕ್ಕೊಂದು ಹತ್ತಿರ. ಭಾರ ಕಡಿಮೆಯಿರುವ ಕಂಬಕ್ಕೆ ದೊಡ್ಡ ಪಾದ ಏಕೆಂದು ಮೇಸ್ತ್ರಿ ಕೊನೆಯ ತನಕವೂ ಕೇಳುತ್ತಿದ್ದರು.

ನೆನೆದ ಸ್ಥಿತಿಯಲ್ಲಿ ಈ ಎರಡು ಸಾಲುಗಳ ಇಳಿತ ಕ್ರಮವಾಗಿ 6 ಮತ್ತು 11 ಮಿಲಿಮೀಟರ್ ಆಗಬಹುದೆಂದು ಲೆಕ್ಕ ಬಂತು. ಅವುಗಳ ನಡುವಿನ ದೂರ 4.2 ಮೀಟರ್, ಐಎಸ್ 1904ರ ಪ್ರಕಾರ ಕಾಂಕ್ರೀಟ್ ಚೌಕಟ್ಟಿಗೆ ಅಷ್ಟು ದೂರದಲ್ಲಿ 6.3 ಮಿಲಿಮೀಟರ್ ತನಕದ ವ್ಯತ್ಯಾಸ ಸಹ್ಯ. ನಮ್ಮದು 5.

ಆದರೆ ಹಳೆಯ ಮನೆ ನಲವತ್ತು ಮಳೆಗಾಲಗಳಲ್ಲಿ ಇಳಿಯಬೇಕಾದಷ್ಟು ಇಳಿದು ಸುಮ್ಮನಾಗಿದೆ. ಹೊಸದು ಇನ್ನು ಇಳಿಯಬೇಕಷ್ಟೆ. ಅವೆರಡನ್ನು ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದರೆ ಬಿರುಕು ಬರುವುದು ಖಚಿತ. ಹೀಗಾಗಿ ಹೊಸ ಕಂಬಗಳ ಮೊದಲ ಸಾಲನ್ನು ಹಳೆಯ ಗೋಡೆಯಿಂದ 90 ಸೆಂಟಿಮೀಟರ್ ದೂರ ನಿಲ್ಲಿಸಿ, ಅಲ್ಲಿಂದ ಚಪ್ಪಡಿಯನ್ನು ಚಾಚಿ, ಗೋಡೆಯಿಂದ 50 ಮಿಲಿಮೀಟರ್ ಮೊದಲೇ ನಿಲ್ಲಿಸಿದೆವು. ಆ ಸಂದಿಗೆ ಮೇಲೆ ಒಂದು ಕಡೆ ಮಾತ್ರ ಬಿಗಿದ ಅಲ್ಯೂಮಿನಿಯಂ ತಗಡು, ನೆಲದಲ್ಲಿ ಒಂದೇ ಬದಿಗೆ ಅಂಟಿಸಿದ ಕಲ್ಲಿನ ಪಟ್ಟಿ. ಹಳೆಯ ಗೋಡೆಯ ಬಳಿ 75 ಸೆಂಟಿಮೀಟರಿಗಿಂತ ಕೆಳಗೆ ಎಲ್ಲೂ ಅಗೆಯಲಿಲ್ಲ, ಅದೂ ಒಂದು ಗುಂಡಿಗೆ ಕಾಂಕ್ರೀಟ್ ಬಿದ್ದ ಮೇಲೆಯೇ ಇನ್ನೊಂದು.

ನೀರಿನ ವಿಷಯದಲ್ಲಿ ಯಜಮಾನರು ನನಗಿಂತ ಮುಂದೆ ಹೋದರು. 63 ಚದರ ಮೀಟರಿನ ಹೊಸ ಮಾಡಿನ ಮೇಲೆ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆಂದು ಲೆಕ್ಕ ಹೇಳಿದ ಮೇಲೆ, ಅದನ್ನೆಲ್ಲ ಪೈಪಿನಲ್ಲಿ ಹಿಡಿದು ಕೆಳಗಿನ ಟಾಂಕಿಗೆ ಒಯ್ದರು. ಬರೆಯ ಬುಡದ ಚರಂಡಿಗೆ ಸಿಮೆಂಟು ಮಾಡಿಸಿದರು. ಶೌಚಾಲಯದ ಇಂಗುಗುಂಡಿಯನ್ನು ನಾನು ಗುರುತಿಸಿದ್ದಕ್ಕಿಂತ ಇನ್ನೂ ಹತ್ತು ಮೀಟರ್ ದೂರಕ್ಕೆ, ತೋಟದ ಮಗ್ಗುಲಿಗೆ ಸರಿಸಿದರು.

ಕೆಲಸ ಡಿಸೆಂಬರಿನಲ್ಲಿ ಆರಂಭವಾಗಿ ಏಪ್ರಿಲಿನಲ್ಲಿ ಮುಗಿಯಿತು. ಏಳನೆಯ ಗುಂಡಿಯಲ್ಲಿ ಮುರಕಲ್ಲು ನಿರೀಕ್ಷಿತ ಮಟ್ಟದಲ್ಲಿ ಸಿಗದೆ, ಮಡಕೆಯಷ್ಟು ದೊಡ್ಡ ಪೊಟರೆಯೊಂದು ಕಾಣಿಸಿಕೊಂಡಿತು. ಕೆತ್ತಿ ಶುಚಿ ಮಾಡಿ ಕಾಂಕ್ರೀಟ್ ತುಂಬಿಸಿದೆವು. ಉಳಿದವು ನಕ್ಷೆಯಂತೆಯೇ ಆದವು. ಮದುವೆ ಅಷ್ಟರಲ್ಲಿ ಹಳೆಯ ಮನೆಯ ಅಂಗಳದಲ್ಲೇ ಚಪ್ಪರ ಹಾಕಿ ನಡೆದುಹೋಗಿತ್ತು.

ನಂತರದ ಮೂರು ಮಳೆಗಾಲಗಳಲ್ಲಿ ಲೆವೆಲ್ ಯಂತ್ರ ಇಟ್ಟು ಕಂಬಗಳ ಗುರುತನ್ನು ನೋಡಿದ್ದೇನೆ. ನಡುವಿನ ಕಂಬ 4 ಮಿಲಿಮೀಟರ್, ತಗ್ಗಿನ ಸಾಲು 7 ಮಿಲಿಮೀಟರ್ ಇಳಿದಿವೆ. ಇದರಲ್ಲಿ ಹೆಚ್ಚಿನದು ಮೊದಲನೆಯ ಆಟಿಯಲ್ಲೇ ಆದದ್ದು. ಸಂದಿ ಮೇಲ್ತುದಿಯಲ್ಲಿ 2 ಮಿಲಿಮೀಟರ್ ಅಗಲವಾಗಿದೆ. ಬಿರುಕು ಬಂದರೆ ತಿಳಿಯಲೆಂದು ಹಳೆಯ ಗೋಡೆಗೆ ಅಂಟಿಸಿದ ಗಾಜಿನ ಪಟ್ಟಿಗಳು ಒಡೆದಿಲ್ಲ. ಮೂರನೆಯ ವರ್ಷದ ಆಗಸ್ಟಿನಲ್ಲಿ ಸುರಂಗದ ಪೈಪಿನ ನೀರು ಇದ್ದಕ್ಕಿದ್ದಂತೆ ಸಣ್ಣದಾಯಿತೆಂದು ಅಜ್ಜಿಯೇ ಮೊದಲು ಗಮನಿಸಿ ಫೋನು ಮಾಡಿಸಿದರು. ತಪಾಸಣೆಯ ತೊಟ್ಟಿ ತೆರೆದಾಗ ಪೈಪಿನ ಬಾಯಿಯಲ್ಲಿ ಕೂದಲಿನ ಜಡೆಯಂತೆ ಬೇರುಗಳು ಹೆಣೆದುಕೊಂಡಿದ್ದವು. ಮೊಳಕೈ ಉದ್ದದ ಆ ಜಡೆಯನ್ನು ಎಳೆದು ತೆಗೆದ ಮೇಲೆ ಒಂದಿಷ್ಟು ಕೆಂಪು ನೀರು ಬಂದು, ಸ್ವಲ್ಪ ಹೊತ್ತಿನಲ್ಲಿ ತಿಳಿಯಾಗಿ ಹರಿಯಿತು. ಆ ಬೇರುಗಳನ್ನು ಬಿಟ್ಟ, ಬರೆಯ ಬುಡದ ಹಲಸಿನ ಗಿಡವನ್ನು ಕಡಿಯಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಅಜ್ಜಿ ಇನ್ನೂ ಒಪ್ಪಿಲ್ಲ.